ಸಸ್ಯತೈಲವೂ ಹಳೆಯ ಡೀಸೆಲ್ ಕಾರುಗಳ ಇಂಧನ ವ್ಯವಸ್ಥೆಯೂ

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಸಣ್ಣದೊಂದು ಡೀಸೆಲ್ ಎಂಜಿನು ಕಡಲೆಕಾಯಿ ಎಣ್ಣೆಯಿಂದ ನಡೆಯಿತು. ಇದನ್ನೇ ಆಧಾರವಾಗಿಟ್ಟುಕೊಂಡು, ಹಳೆಯ ಡೀಸೆಲ್ ಕಾರುಗಳಿಗೆ ಯಾವ ಸಸ್ಯತೈಲವನ್ನಾದರೂ ತುಂಬಬಹುದೆಂದು ವಾದಿಸುವವರುಂಟು. ಎಣ್ಣೆ ಉರಿಯುತ್ತದೆಂಬುದು ನಿಜ. ಆದರೆ ಉರಿಯುವ ಸ್ಥಳವನ್ನು ಅದು ಹೇಗೆ ತಲಪುತ್ತದೆ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ತೊಡಕಿನ ಮೂಲ ಸ್ನಿಗ್ಧತೆ, ಎಂದರೆ ಹರಿಯುವಾಗ ದ್ರವವು ತೋರುವ ಪ್ರತಿರೋಧ. 40 ಡಿಗ್ರಿ ಸೆಂಟಿಗ್ರೇಡಿನಲ್ಲಿ ಡೀಸೆಲಿನ ಸ್ನಿಗ್ಧತೆ ಸುಮಾರು 2ರಿಂದ 4.5 ಸೆಂಟಿಸ್ಟೋಕ್, ಕಡಲೆಕಾಯಿ ಎಣ್ಣೆಯದು 40ರ ಆಸುಪಾಸು. ನಮ್ಮ ಹೊಂಗೆ ಎಣ್ಣೆಯೂ ಇದಕ್ಕೆ ಹೊರತಲ್ಲ. ಚಳಿಯಲ್ಲಿ ಎಣ್ಣೆಗಳು ಮತ್ತಷ್ಟು ಮಂದವಾಗುತ್ತವೆ. ಕೊಬ್ಬರಿ ಎಣ್ಣೆಯಂತೂ ಸೀಸೆಯಲ್ಲಿಯೇ ಹೆಪ್ಪುಗಟ್ಟುವುದನ್ನು ಎಲ್ಲರೂ ಬಲ್ಲರು.

ಈ ಮಂದತೆಯ ಮೊದಲ ಪರಿಣಾಮ ಕಾಣುವುದು ಶೋಧಕದಲ್ಲಿ. ಅದರ ಸೂಕ್ಷ್ಮರಂಧ್ರಗಳಲ್ಲಿ ಎಣ್ಣೆ ನಿಧಾನವಾಗಿ ಸಾಗುವುದರಿಂದ ಪಂಪಿಗೆ ಇಂಧನ ಸಾಲದೆ, ಏರುದಾರಿಯಲ್ಲಿ ಎಂಜಿನು ಸೊರಗುತ್ತದೆ.

ಮುಂದಿನದು ಪಂಪು. ಹಳೆಯ ಕಾರುಗಳಲ್ಲಿ ಇದು ಮುಖ್ಯವಾಗಿ ಎರಡು ಬಗೆ. 1976ರಲ್ಲಿ ಬಂದ ಮರ್ಸಿಡಿಸ್-ಬೆಂಜ್ 123 ಶ್ರೇಣಿಯ ಡೀಸೆಲ್ ಕಾರುಗಳಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಪ್ಲಂಜರನ್ನು ಸಾಲಾಗಿ ಜೋಡಿಸಿದ ಪಂಪಿದೆ. ಇದರ ಚಾಲಕ ಭಾಗಗಳಿಗೆ ಬೇರೆ ಕೀಲೆಣ್ಣೆ ಇರುವುದರಿಂದ ಮಂದ ಇಂಧನವನ್ನು ಇದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಎರಡನೆಯದಾದ ತಿರುಗು ಪಂಪಿಗಾದರೋ ಇಂಧನವೇ ಕೀಲೆಣ್ಣೆ. ತಣ್ಣಗಿನ ಸಸ್ಯತೈಲ ಸಾಕಷ್ಟು ಹರಿಯದಾದಾಗ ಇದರ ಒಳಭಾಗಗಳು ಸವೆಯುವುದುಂಟು. ಚಾಲಕ ದಂಡವೇ ಮುರಿಯುವುದೂ ಉಂಟು.

ಕೊನೆಯ ಘಟ್ಟ ಇಂಜೆಕ್ಟರು. ಡೀಸೆಲನ್ನು ಮಂಜಿನಂತೆ ಸಿಂಪಡಿಸುವ ಇದರ ಮೂತಿಯಿಂದ ಮಂದತೈಲವು ದಪ್ಪ ಹನಿಗಳಾಗಿ ಹೊರಬೀಳುತ್ತದೆ. ಅವು ಪೂರ್ಣವಾಗಿ ಉರಿಯದೆ ಮೂತಿಯಲ್ಲಿಯೂ ಪಿಸ್ಟನಿನ ಉಂಗುರಗಳಲ್ಲಿಯೂ ಇಂಗಾಲವಾಗಿ ಕಟ್ಟುತ್ತವೆ. ಉಳಿದ ಎಣ್ಣೆ ಕೆಳಗಿಳಿದು ಎಂಜಿನಿನ ಕೀಲೆಣ್ಣೆಯಲ್ಲಿ ಬೆರೆತು, ಕ್ರಮೇಣ ಅದನ್ನು ಅಂಟಿನಂತೆ ಗಟ್ಟಿಯಾಗಿಸುತ್ತದೆ.

ಪರಿಹಾರಗಳು ಎರಡು. ಎಂಜಿನಿನ ಬಿಸಿನೀರಿನ ಶಾಖದಿಂದ ಎಣ್ಣೆಯನ್ನು ಸುಮಾರು 70 ಡಿಗ್ರಿಗೆ ಕಾಯಿಸಿ, ಹೊರಡುವಾಗಲೂ ನಿಲ್ಲಿಸುವ ಮುನ್ನವೂ ಬೇರೊಂದು ಟ್ಯಾಂಕಿನ ಡೀಸೆಲನ್ನು ಬಳಸುವುದು ಮೊದಲನೆಯದು. ಆದರೆ ಅಷ್ಟು ಕಾಯಿಸಿದರೂ ಸ್ನಿಗ್ಧತೆ ಡೀಸೆಲಿನ ಮಟ್ಟಕ್ಕೆ ಇಳಿಯದು. ಮೆಥನಾಲಿನೊಡನೆ ರಾಸಾಯನಿಕ ಕ್ರಿಯೆಗೆ ಒಳಪಡಿಸಿ ಎಣ್ಣೆಯನ್ನು ಎಸ್ಟರಾಗಿ ಮಾರ್ಪಡಿಸುವುದು ಎರಡನೆಯದು. ಜೈವಿಕ ಡೀಸೆಲ್ ಎಂಬುದು ಇದೇ; ಇದರ ಸ್ನಿಗ್ಧತೆ 4ರಿಂದ 5 ಸೆಂಟಿಸ್ಟೋಕ್. ಆದರೆ ಇದು ಹಳೆಯ ರಬ್ಬರು ಕೊಳವೆಗಳನ್ನು ಉಬ್ಬಿಸಿ ಮೆದುಗೊಳಿಸುತ್ತದೆ. ಟ್ಯಾಂಕಿನ ಹಳೆಯ ಮಡ್ಡಿಯನ್ನು ಸಡಿಲಿಸಿ ಶೋಧಕಕ್ಕೆ ತರುತ್ತದೆ.

ಸಸ್ಯತೈಲದಿಂದಾಗುವ ಹಾನಿ ಕೂಡಲೇ ಕಾಣುವಂಥದಲ್ಲ; ಒಳಗೊಳಗೇ ಬೆಳೆಯುವಂಥದು. ಪ್ಯಾರಿಸಿನ ಪ್ರದರ್ಶನ ಸಿದ್ಧಪಡಿಸಿದ್ದು ಎಣ್ಣೆಯ ದಹನಶಕ್ತಿಯನ್ನು, ಎಂಜಿನಿನ ಆಯುಸ್ಸನ್ನಲ್ಲ. ಆದುದರಿಂದ ಕಾರು ಒಂದು ತಿಂಗಳು ಸುಸೂತ್ರವಾಗಿ ಓಡಿತೆಂಬುದು ಇಂಧನದ ಯೋಗ್ಯತೆಗೆ ಸಾಕ್ಷಿಯಾಗಲಾರದು.