ಅಂಡಮಾನಿನಲ್ಲಿ ಆನೆ ಹುಡುಕಿದ ಪುಟ್ಟಿ!

ಆನೆ ಸಮುದ್ರದಲ್ಲಿ ಈಜುತ್ತೆ ಅಂದರೆ ನಂಬುತ್ತೀರಾ?

ನಾನೂ ನಂಬಿರಲಿಲ್ಲ. ಒಂದು ರಾತ್ರಿ ಮೊಬೈಲಿನಲ್ಲಿ ‘ದಿ ಫಾಲ್’ ಎಂಬ ಇಂಗ್ಲಿಷ್ ಚಿತ್ರ ನೋಡುವವರೆಗೆ! 2006ರ ಚಿತ್ರ. ನಿರ್ದೇಶಕ ತರ್ಸೇಮ್ ಸಿಂಗ್, ನಮ್ಮ ಜಲಂಧರದವನೇ. ಅದರಲ್ಲಿ ಒಂದು ಶಾಟ್ ಇದೆ. ಕ್ಯಾಮೆರಾ ನೀರಿನ ಕೆಳಗೆ. ಮೇಲೆ ನೀಲಿ ಸಮುದ್ರದಲ್ಲಿ ಒಂದು ದೊಡ್ಡ ಆನೆ ನಾಲ್ಕೂ ಕಾಲು ಬಡಿಯುತ್ತಾ ಆರಾಮಾಗಿ ಈಜಿಕೊಂಡು ಹೋಗುತ್ತದೆ. ಟ್ರಿಕ್ ಶಾಟ್ ಇರಬೇಕು ಅಂದುಕೊಂಡೆ. ಅಲ್ಲ ಸ್ವಾಮೀ, ನಿಜವಾದ ಆನೆ! ಹೆಸರು ರಾಜನ್. ಊರು ಅಂಡಮಾನ್.

ಪಕ್ಕದಲ್ಲಿ ಮಲಗಿದ್ದಾಳೆ ಅಂದುಕೊಂಡಿದ್ದ ನನ್ನ ಮಗಳು ಎದ್ದು ಕೂತಿದ್ದಳು. ನಾಲ್ಕೂವರೆ ವರ್ಷ. ಮನೆಯಲ್ಲಿ ಪುಟ್ಟಿ ಅಂತಲೇ ಕರೆಯೋದು.

“ಅಪ್ಪಾ, ಇನ್ನೊಂದ್ಸಲ!”

ಆ ರಾತ್ರಿ ಆ ಆನೆ ಹನ್ನೊಂದು ಸಲ ಈಜಿತು. ಹನ್ನೆರಡನೇ ಸಲಕ್ಕೆ ಬ್ಯಾಟರಿ ಮುಗಿಯಿತು. ಅಳು ಶುರು. ಸಮಾಧಾನ ಮಾಡೋಕೆ ನಾನು ಒಂದು ಡೈಲಾಗ್ ಬಿಟ್ಟೆ:

“ಅಳಬೇಡ ಕಂದಾ, ನಿನ್ನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ರಾಜನ್‌ನ ಎದುರಿಗೇ ತೋರಿಸ್ತೀನಿ.”

ಓದುಗ ಮಿತ್ರರೇ, ಈ ಲೇಖನ ಆ ಒಂದು ಡೈಲಾಗಿನ ಕಥೆ.

ಚೀಟಿ ದುಡ್ಡು, ವಿಮಾನ ಹತ್ತಿತು

ನಿಜ ಹೇಳಿಬಿಡುತ್ತೇನೆ. ಅಂಡಮಾನಿಗೆ ಹೋಗುವ ಆಸೆ ಪುಟ್ಟಿಗಿಂತ ಹೆಚ್ಚಾಗಿ ನನಗಿತ್ತು. 1998ರಲ್ಲಿ ಶಿವಣ್ಣನ ‘ಅಂಡಮಾನ್’ ಬಂದಾಗ ನಾನು ತೊಟ್ಟಿಲಲ್ಲಿದ್ದೆ. ಆಮೇಲೆ ಟಿ.ವಿ.ಯಲ್ಲಿ ಅಮ್ಮನ ಪಕ್ಕ ಕೂತು ನೋಡಿದ್ದು. ಪಿ. ಎಚ್. ವಿಶ್ವನಾಥ್ ನಿರ್ದೇಶನ, ಹಂಸಲೇಖ ಸಂಗೀತ. ಶಿವಣ್ಣನ ಸ್ವಂತ ಮಗಳು ಪುಟಾಣಿ ನಿವೇದಿತಾ ಅದರಲ್ಲಿ ನಟಿಸಿದ್ದಳು. ಅಪ್ಪ, ಮಗಳು, ಅಂಡಮಾನ್. ಆ ಮೂರೂ ಒಟ್ಟಿಗೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಸಾಲದ್ದಕ್ಕೆ 1978ರ ಶಿವಾಜಿ ಗಣೇಶನ್ ಚಿತ್ರ ‘ಅಂಡಮಾನ್ ಕಾದಲಿ’, 1996ರ ಮೋಹನ್‌ಲಾಲ್ ಚಿತ್ರ ‘ಕಾಲಾಪಾನಿ’. ಈ ಲೊಕೇಶನ್‌ಗಳ ಮೇಲೆ ಒಂದು ಭರ್ಜರಿ ಲೇಖನ ಬರೆಯಬೇಕು ಅನ್ನೋದು ನನ್ನ ಪ್ಲಾನ್.

ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಗಾಂಧಿನಗರ ಸುತ್ತಿ ಸುದ್ದಿ ಬರೆಯುವ ನನ್ನಂಥವನಿಗೆ ವಿಮಾನದ ಟಿಕೆಟ್ಟು ಎಲ್ಲಿಂದ ಬರಬೇಕು? ಬಂದದ್ದು ಹೆಂಡತಿಯ ಚೀಟಿಯಿಂದ. ಮನೆಯಲ್ಲೇ ಬಟ್ಟೆ ಹೊಲಿಯುವವಳು, ಓವರ್‌ಲಾಕ್ ಮಷೀನ್ ತಗೋಳ್ಳೋಣ ಅಂತ ಎರಡು ವರ್ಷ ಕಟ್ಟಿದ ಚೀಟಿ. “ಮಗು ದಿನಾ ಆನೆ ಆನೆ ಅಂತಿದೆ ರೀ. ಮಷೀನು ಮುಂದಿನ ವರ್ಷ ನೋಡೋಣ” ಅಂದಳು. ಆನೆ ಅಲ್ಲಿ ಇದೆಯಾ ಅಂತ ಅವಳು ಕೇಳಲಿಲ್ಲ. ನಾನೂ ವಿಚಾರಿಸಲಿಲ್ಲ. ಸಿನಿಮಾದಲ್ಲಿ ನೋಡಿದ್ದೀನಲ್ಲ, ಇನ್ನೇನು ಬೇಕು!

ಏಪ್ರಿಲ್ ತಿಂಗಳು. ಎರಡು ವರ್ಷ ದಾಟಿದ ಮಗುವಿಗೂ ವಿಮಾನದಲ್ಲಿ ಪೂರ್ತಿ ಸೀಟು ತಗೋಬೇಕು, ಇದು ಗೊತ್ತಿರಲಿ. ಬಜೆಟ್ಟಿನ ಮೊದಲ ಏಟು ಅಲ್ಲೇ ಬಿತ್ತು. ಚೆನ್ನೈನಿಂದ ಹಡಗೂ ಉಂಟು. ಸುಮಾರು 1200 ಕಿಲೋಮೀಟರ್ ಸಮುದ್ರ, ಎರಡೂವರೆ ಮೂರು ದಿನ. ಚಿಕ್ಕ ಮಗು ಇದ್ದವರು ಆ ಸಾಹಸ ಮಾಡದಿರುವುದೇ ಲೇಸು.

ಪೋರ್ಟ್ ಬ್ಲೇರ್‌ನಲ್ಲಿ ಇಳಿದೆವು. 2024ರಲ್ಲಿ ಸರ್ಕಾರ ಊರಿಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದೆ. ಆಟೋದವರಿಗೆ ಮಾತ್ರ ಇನ್ನೂ ಬ್ಲೇರೇ. ಮೊದಲ ದಿನ ಸೆಲ್ಯುಲರ್ ಜೈಲು. 1896ರಲ್ಲಿ ಶುರುಮಾಡಿ 1906ಕ್ಕೆ ಕಟ್ಟಿ ಮುಗಿಸಿದ್ದು. ಸೈಕಲ್ ಚಕ್ರದ ಕಡ್ಡಿಗಳಂತೆ ಏಳು ಸಾಲು ಕಟ್ಟಡ ಇತ್ತಂತೆ, ಈಗ ಉಳಿದಿರುವುದು ಮೂರು. ‘ಕಾಲಾಪಾನಿ’ ನೋಡಿದವರಿಗೆ ಆ ವರಾಂಡದಲ್ಲಿ ನಿಂತಾಗ ಮೈ ಜುಮ್ ಅನ್ನುತ್ತದೆ. ಪುಟ್ಟಿ ಒಂದು ಕೋಣೆಯೊಳಗೆ ಇಣುಕಿ, “ಇಲ್ಲಿ ಆನೆ ಹಿಡಿಸಲ್ಲ, ಬಾಪ್ಪ ಹೋಗೋಣ” ಅಂದಳು. ಅವಳ ಚಿತ್ರದ ಹೀರೋ ಬೇರೆ!

ಟೀ ಅಂಗಡಿಯಲ್ಲಿ ಇಂಟರ್‌ವಲ್

ಮಾರನೇ ದಿನ ಹ್ಯಾವ್‌ಲಾಕ್ ದ್ವೀಪಕ್ಕೆ ಪಯಣ. 2018ರ ಡಿಸೆಂಬರಿನಿಂದ ಇದರ ಹೆಸರು ಸ್ವರಾಜ್ ದ್ವೀಪ. ಖಾಸಗಿ ಬೋಟುಗಳು ಬೇಗ ಹೋಗುತ್ತವೆ, ಆದರೆ ಎ.ಸಿ. ಹಾಕಿ ಬಾಗಿಲು ಮುಚ್ಚಿರುತ್ತವೆ. ಸರ್ಕಾರಿ ಬೋಟು ನಿಧಾನ, ಅಗ್ಗ, ಮೇಲೆ ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬಹುದು. ನಾನು ಷೋಕಿಗೆ ಬಿದ್ದು ವೇಗದ ಬೋಟು ಹತ್ತಿಸಿದೆ. ಅರ್ಧ ಗಂಟೆಯಲ್ಲಿ ಪುಟ್ಟಿ ಬೆಳಿಗ್ಗೆ ತಿಂದ ಇಡ್ಲಿಯೆಲ್ಲ ನನ್ನ ಷರ್ಟಿನ ಮೇಲೆ. ಮಗು ಕರೆದೊಯ್ಯುವವರಿಗೆ ನನ್ನ ಷರ್ಟು ಹೇಳುವ ಪಾಠ ಇಷ್ಟು: ಹೊಟ್ಟೆ ತುಂಬ ತಿನ್ನಿಸಬೇಡಿ, ಬೋಟಿನ ಮಧ್ಯಭಾಗದಲ್ಲಿ ಕೂರಿಸಿ, ವಾಂತಿ ನಿಲ್ಲುವ ಔಷಧಿಯನ್ನು ಡಾಕ್ಟರನ್ನು ಕೇಳಿ ಊರಿನಿಂದಲೇ ತನ್ನಿ.

ದಡಕ್ಕೆ ಬಂದು ಜೆಟ್ಟಿಯ ಹತ್ತಿರ ಒಂದು ಟೀ ಅಂಗಡಿ. ಯಜಮಾನರು ತಮಿಳರು, ಅರವತ್ತು ದಾಟಿದವರು. ನನ್ನ ಮೆಜೆಸ್ಟಿಕ್ ತಮಿಳಿನಲ್ಲಿ ಕೇಳಿದೆ, “ಅಣ್ಣೇ, ಈಜುವ ಆನೆ ರಾಜನ್ ಎಲ್ಲಿ ಸಿಗುತ್ತೆ?”

ಅವರು ಟೀ ಎತ್ತಿ ಹೊಯ್ಯುತ್ತಿದ್ದವರು ಹಾಗೇ ನಿಂತರು. “ತಂಬಿ, ಅದು ಹೋಗಿ ಎಷ್ಟೋ ವರ್ಷ ಆಯ್ತಲ್ಲಪ್ಪಾ...”

2016ರಲ್ಲೇ ರಾಜನ್ ತೀರಿಕೊಂಡಿತ್ತು. ಸುಮಾರು 66 ವರ್ಷ. ನನ್ನ ಮಗಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ!

ಅದರ ಕಥೆ ಯಾವ ಚಿತ್ರಕಥೆಗೂ ಕಡಿಮೆಯಿಲ್ಲ. 1970ರ ದಶಕದಲ್ಲಿ ಮರದ ದಿಮ್ಮಿ ಎಳೆಯೋಕೆ ಆನೆಗಳನ್ನು ಈ ದ್ವೀಪಗಳಿಗೆ ತಂದರು. ಆ ತಂಡದಲ್ಲಿ ರಾಜನ್ ಒಬ್ಬ. ಸಮುದ್ರದಲ್ಲಿ ಈಜೋದನ್ನೂ ಕಲಿಸಿದರು. ಅದು ತಮಾಷೆಗಲ್ಲ, ಕೆಲಸಕ್ಕೆ. 2002ರಲ್ಲಿ ಸುಪ್ರೀಂ ಕೋರ್ಟು ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ದಿಮ್ಮಿ ಎಳೆಯುವ ಆನೆಗೆ ಕೆಲಸ ಹೋಯಿತು. ಆಮೇಲೆ ಸಿನಿಮಾ, ಪ್ರವಾಸಿಗರು, ಫೋಟೋಗ್ರಾಫರುಗಳು. 2014ರವರೆಗೂ ನೀರಿಗೆ ಇಳಿದ. ಕೊನೆಯ ಎರಡು ವರ್ಷ ದಡದಲ್ಲೇ, ಕಾಡಿನ ನೆರಳಲ್ಲಿ ವಿಶ್ರಾಂತಿ. ಜೀವನವಿಡೀ ದುಡಿದ ಕೂಲಿಯವನಿಗೆ ಕಡೆಗಾಲದಲ್ಲಿ ಸ್ಟಾರ್ ಪಟ್ಟ!

ಇದನ್ನೆಲ್ಲ ಕೇಳಿ ತಿರುಗಿ ನೋಡಿದೆ. ಪುಟ್ಟಿ ಬನ್ನು ತಿನ್ನುತ್ತಾ ಸಮುದ್ರದ ಕಡೆ ಕಣ್ಣು ನೆಟ್ಟಿದ್ದಳು.

“ಏನಂದ್ರು ಅಪ್ಪಾ ಆ ತಾತ?”

“ರಾಜನ್ ಈಗ ಮಲಗಿದೆಯಂತೆ. ನಾಳೆ ಬರುತ್ತಂತೆ.”

ಹೆಂಡತಿಗೂ ಅದನ್ನೇ ಹೇಳಿದೆ. ಚೀಟಿ ದುಡ್ಡು ನೆನಪಾಗಿ ನಿಜ ಬಾಯಿಗೆ ಬರಲಿಲ್ಲ.

ಹೆಸರಿನಲ್ಲಿ ಮಾತ್ರ ಆನೆ

ಅಂಡಮಾನಿನಲ್ಲಿ ಬೆಳಗು ಬಹಳ ಬೇಗ. ದೇಶಕ್ಕೆಲ್ಲ ಒಂದೇ ಗಡಿಯಾರ, ಆದರೆ ಈ ದ್ವೀಪಗಳು ಎಷ್ಟೋ ಪೂರ್ವಕ್ಕಿವೆ. ಏಪ್ರಿಲ್‌ನಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಸೂರ್ಯ ಹಾಜರ್, ಸಂಜೆ ಐದೂವರೆಗೆಲ್ಲ ಪ್ಯಾಕಪ್! ಮಕ್ಕಳಿಗೆ ಇದು ಗೊತ್ತಾಗಲ್ಲ, ಬೆಳಕು ಬಂದರೆ ಎದ್ದುಬಿಡುತ್ತವೆ. ಐದೂಕಾಲಿಗೆ ಪುಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅವತ್ತು ಹೋದದ್ದು ಎಲಿಫೆಂಟ್ ಬೀಚಿಗೆ. ಜೆಟ್ಟಿಯಿಂದ ಸಣ್ಣ ಬೋಟಿನಲ್ಲಿ ಸುಮಾರು ಇಪ್ಪತ್ತು ನಿಮಿಷ. ಬೋಟಿನವನು ಹೆಸರು ಕೂಗಿದ ಕೂಡಲೇ ಪುಟ್ಟಿ ಕುಣಿದಾಡಿದಳು. ಆನೆಯ ಬೀಚು ಅಂದಮೇಲೆ ಆನೆ ಇರಲೇಬೇಕಲ್ಲ! ಇಲ್ಲ, ಆನೆ ಇರುವುದು ಹೆಸರಿನಲ್ಲಿ ಮಾತ್ರ. ಅಲ್ಲಿರುವುದು ಹವಳದ ಬಂಡೆ, ಬಣ್ಣದ ಮೀನು, 2004ರ ಸುನಾಮಿಗೆ ಉರುಳಿದ ಮರಗಳ ಬೊಡ್ಡೆ. ಜನ ಕನ್ನಡಕ ಹಾಕಿ ನೀರಿನಲ್ಲಿ ಮುಳುಗಿ ಮೀನು ನೋಡುತ್ತಾರೆ.

ಪುಟ್ಟಿ ನೀರಿಗೆ ಇಳಿಯಲಿಲ್ಲ. ಮರಳಲ್ಲಿ ಆಡಲಿಲ್ಲ. ಒಂದು ಬೊಡ್ಡೆಯ ಮೇಲೆ ಕೂತು ಸಮುದ್ರ ಕಾಯುತ್ತಿದ್ದಳು. “ನೀನು ಆಡು ಕಂದಾ” ಅಂದರೆ, “ನಾನು ಆ ಕಡೆ ತಿರುಗಿದಾಗ ರಾಜನ್ ಹೋಗಿಬಿಟ್ರೆ?” ಅನ್ನೋಳು. ಹೆಂಡತಿ ಎರಡು ಸಲ ನೆರಳಿಗೆ ಎಳೆದಳು. ಎರಡು ಸಲವೂ ತಪ್ಪಿಸಿಕೊಂಡು ಹೋಗಿ ಅದೇ ಬೊಡ್ಡೆಯ ಮೇಲೆ ಕೂತಳು. ಕೊಟ್ಟ ನೀರನ್ನೂ ಸರಿಯಾಗಿ ಕುಡಿಯಲಿಲ್ಲ. ನಾನೇನು ಮಾಡುತ್ತಿದ್ದೆ ಅಂತೀರಾ? ಲೇಖನಕ್ಕೆ ಫೋಟೋ ಹೊಡೆಯುತ್ತಿದ್ದೆ!

ಸಂಜೆ ರೂಮಿಗೆ ಬಂದಾಗ ಮಗುವಿನ ಮೈ ಕಾದ ಹೆಂಚು. ಥರ್ಮಾಮೀಟರ್ 103 ತೋರಿಸಿತು. ಊಟ ಬೇಡ, ಮಾತಿಲ್ಲ. ಹೊರಗೆ ಕತ್ತಲು, ಸುತ್ತ ಸಮುದ್ರ, ರಾತ್ರಿ ಬೋಟಿಲ್ಲ. ಮಿತ್ರರೇ, ಪೋಸ್ಟ್‌ಕಾರ್ಡಿನಲ್ಲಿ ಸುಂದರವಾಗಿ ಕಾಣುವ ದ್ವೀಪ ಅಂದರೆ ಏನು ಅಂತ ಆ ರಾತ್ರಿ ನನಗೆ ಅರ್ಥವಾಯಿತು. ನಾಲ್ಕೂ ಕಡೆ ನೀರು, ಹೋಗೋಕೆ ದಾರಿಯಿಲ್ಲ.

ಪುಣ್ಯಕ್ಕೆ ದ್ವೀಪದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಆಟೋದವನು ಬಾಡಿಗೆಯ ಮಾತೆತ್ತದೆ ಓಡಿಸಿದ. ಡ್ಯೂಟಿ ಡಾಕ್ಟರಮ್ಮ ನೋಡಿ ಹಿಂದಿಯಲ್ಲಿ ಗದರಿದರು, “ಇಂಥ ಬಿಸಿಲಿನಲ್ಲಿ ಮಗುವನ್ನು ಹೀಗಾ ಕೂರಿಸೋದು? ಮೈಯಲ್ಲಿ ನೀರೇ ಇಲ್ಲ.” ತೂಕ ನೋಡಿ ಜ್ವರದ ಸಿರಪ್ ಕೊಟ್ಟರು, ಓ.ಆರ್.ಎಸ್. ಕಲಸಿ ಚಮಚ ಚಮಚವಾಗಿ ಕುಡಿಸಿ ಅಂದರು. “ರಾತ್ರಿ ಇಲ್ಲೇ ಇರಲಿ, ಇಳಿಯದಿದ್ದರೆ ಬೆಳಿಗ್ಗೆ ಬ್ಲೇರ್‌ಗೆ ಕಳಿಸ್ತೀನಿ.”

ಆ ಚಮಚ ಹಿಡಿದು ಕೂತಾಗ ‘ದಿ ಫಾಲ್’ ಚಿತ್ರದ ಕಥೆ ನೆನಪಾಯಿತು. ಅದೂ ಆಸ್ಪತ್ರೆಯಲ್ಲೇ ನಡೆಯೋದು. ಬಿದ್ದು ಪೆಟ್ಟಾದ ಒಬ್ಬ ಸ್ಟಂಟ್‌ಮ್ಯಾನ್ ಅಲ್ಲಿ ಸಿಕ್ಕ ಪುಟ್ಟ ಹುಡುಗಿಗೆ ಚಂದದ ಕಥೆ ಹೇಳುತ್ತಾ ಹೋಗುತ್ತಾನೆ. ಮಗುವಿನ ಮೇಲಿನ ಪ್ರೀತಿಗಲ್ಲ, ಅವಳ ಕೈಯಲ್ಲಿ ಮಾರ್ಫಿನ್ ಕದ್ದು ತರಿಸೋಕೆ. ಚಿತ್ರ ನೋಡುವಾಗ ಅವನನ್ನು ಬೈದಿದ್ದೆ. ಈಗ ನಾನು ಮಾಡಿದ್ದೇನು? ನನ್ನ ಲೇಖನಕ್ಕೆ ಬೇಕಾದ ಪ್ರಯಾಣಕ್ಕೆ ಮಗುವಿನ ಕೈಯಲ್ಲಿ ಆನೆಯ ಕಥೆ ಕೊಟ್ಟೆ. ಆನೆ ಇಲ್ಲ ಅಂತ ಗೊತ್ತಾದ ಮೇಲೂ ಆ ಕಥೆಯನ್ನು ವಾಪಸ್ ತಗೊಳ್ಳಲಿಲ್ಲ. ಅವಳು ಬಿಸಿಲಲ್ಲಿ ಕಾದದ್ದು ಆನೆಗಲ್ಲ, ನನ್ನ ಮಾತಿಗೆ.

ಹೆಂಡತಿಗೆ ಅಲ್ಲೇ ಎಲ್ಲ ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಕೊನೆಗೆ, “ನನಗೆ ಹೇಳದಿದ್ರೂ ಪರವಾಗಿಲ್ಲ ರೀ. ಅವಳಿಗೆ ನೀವೇ ಹೇಳಿ” ಅಂದಳು.

ಕ್ಲೈಮ್ಯಾಕ್ಸ್

ಬೆಳಗಿನ ಜಾವ ಜ್ವರ ಇಳಿಯಿತು. ಕಿಟಕಿಯಲ್ಲಿ ಬೆಳಕು ಬಿದ್ದ ಕೂಡಲೇ ಪುಟ್ಟಿ ಕಣ್ಣು ಬಿಟ್ಟಳು. ಮೊದಲ ಮಾತೇ, “ಆನೆ ಬಂತಾ?”

“ಇಲ್ಲ ಪುಟ್ಟಿ. ಆನೆ ಬರಲ್ಲ. ರಾಜನ್‌ಗೆ ವಯಸ್ಸಾಗಿತ್ತು, ಸತ್ತುಹೋಯ್ತು. ನೀನು ಹುಟ್ಟೋಕೆ ಮುಂಚೆನೇ.”

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ತುಂಬ ಯೋಚನೆ ಮಾಡಿ ಕೇಳಿದಳು:

“ಅಪ್ಪು ಥರಾನಾ? ಸಿನಿಮಾದಲ್ಲಿ ಮಾತ್ರ ಇದ್ದಾನಾ?”

ಏನು ಹೇಳಲಿ? 2021ರ ಅಕ್ಟೋಬರ್ 29ರಂದು ನಾನು ಕಂಠೀರವ ಸ್ಟೇಡಿಯಂ ಹೊರಗೆ ಜನಜಂಗುಳಿಯಲ್ಲಿ ನಿಂತು ಅತ್ತವನು. ಆ ದಿನದ ಬಗ್ಗೆ ಎರಡು ಪುಟ ಬರೆದವನು. ಇಷ್ಟು ಚೆನ್ನಾಗಿ ಒಂದು ಸಾಲೂ ಬರೆದಿರಲಿಲ್ಲ. ನಮ್ಮ ಬೀದಿಯ ಆಟೋ ಸ್ಟ್ಯಾಂಡಿನಲ್ಲಿ ನಗುತ್ತಿರುವ ಅಪ್ಪುವನ್ನು ನೋಡಿಕೊಂಡೇ ಬೆಳೆದ ಮಗು ಅದು. ಇಲ್ಲದವರು ಪರದೆಯ ಮೇಲೆ ಇರುತ್ತಾರೆ ಅನ್ನೋದು ಅವಳಿಗೆ ಆಗಲೇ ಗೊತ್ತಿತ್ತು.

“ಹೂಂ ಕಂದಾ, ಅಪ್ಪು ಥರಾನೇ.”

“ಮತ್ತೆ ಮೊನ್ನೆ ಮಲಗಿದೆ ಅಂದೆ?”

“ಸುಳ್ಳು ಹೇಳ್ದೆ. ತಪ್ಪಾಯ್ತು.”

“ಮೊನ್ನೇನೇ ಹೇಳಿದ್ರೆ ನಾನು ಮೀನು ನೋಡ್ತಿದ್ದೆ ಅಲ್ವಾ?”

ಈ ಪ್ರಶ್ನೆಗೆ ಉತ್ತರ ಯಾವ ಸಂಭಾಷಣೆಕಾರನ ಹತ್ತಿರವೂ ಇಲ್ಲ ಬಿಡಿ!

ಡಾಕ್ಟರಮ್ಮ ಒಂದು ದಿನ ಪೂರ್ತಿ ರೂಮಿನಲ್ಲೇ ಇರಿಸಿ ಅಂದರು. ಇರಿಸಿದೆವು. ಮರುದಿನ ಬಿಸಿಲು ಇಳಿದ ಮೇಲೆ ರಾಧಾನಗರ ಬೀಚಿಗೆ ಕರೆದೊಯ್ದೆವು. 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮ ಅಂದ ಬೀಚು ಅದು. ಹಿಟ್ಟಿನಂಥ ಬಿಳಿ ಮರಳು, ಹಿಂದೆ ಎತ್ತರದ ಕಾಡು. ಮೊಸಳೆ ಎಚ್ಚರಿಕೆಯ ಬೋರ್ಡೂ ಇದೆ. ಅದು ಅಲಂಕಾರಕ್ಕಲ್ಲ, 2010ರಲ್ಲಿ ಈ ದ್ವೀಪದಲ್ಲೇ ಪ್ರವಾಸಿಯೊಬ್ಬರನ್ನು ಮೊಸಳೆ ಬಲಿ ತೆಗೆದುಕೊಂಡಿದೆ. ಗುರುತು ಮಾಡಿದ ಜಾಗ ಬಿಟ್ಟು ಮಗುವನ್ನು ನೀರಿಗಿಳಿಸಬೇಡಿ. ಪುಟ್ಟಿ ನೀರಿಗಿಂತ ಮರಳನ್ನೇ ಹಚ್ಚಿಕೊಂಡಳು. ನಾನು ಮೊಬೈಲನ್ನು ಹೆಂಡತಿಯ ಬ್ಯಾಗಿಗೆ ಹಾಕಿ ಮಗಳ ಜೊತೆ ಕೂತೆ. ಇಬ್ಬರೂ ಸೇರಿ ಮರಳಿನಲ್ಲಿ ಒಂದು ಆನೆ ಮಾಡಿದೆವು. ಸೊಂಡಿಲು ಸಮುದ್ರದ ಕಡೆಗೆ. ಸೂರ್ಯ ಮುಳುಗುವ ಹೊತ್ತಿಗೆ ಅಲೆ ಬಂತು, ಮೊದಲು ಸೊಂಡಿಲು, ಆಮೇಲೆ ಕಾಲು, ಆಮೇಲೆ ಪೂರ್ತಿ ಆನೆ.

“ಅಮ್ಮಾ ನೋಡು! ರಾಜನ್ ಈಜೋಕೆ ಹೋದ!” ಅಂತ ಪುಟ್ಟಿ ಚಪ್ಪಾಳೆ ತಟ್ಟಿದಳು.

ವಾಪಸ್ಸಾಗುವಾಗ ಏರ್‌ಪೋರ್ಟಿಗೆ ಹೋಗುವ ಆಟೋದಲ್ಲಿ ಅವಳ ಫ್ರಾಕಿನ ಜೇಬಿನಲ್ಲಿ ಒಂದು ಹವಳದ ಚೂರು ಸಿಕ್ಕಿತು. ಹವಳ, ಕಪ್ಪೆಚಿಪ್ಪು ಹೊರಗೆ ಒಯ್ಯುವಂತಿಲ್ಲ, ಚೆಕಿಂಗಿನಲ್ಲಿ ಹಿಡಿಯುತ್ತಾರೆ. “ಇಟ್ಕೋ, ಯಾರಿಗೂ ಗೊತ್ತಾಗಲ್ಲ” ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಇದ್ದ ವಿಷಯ ಹೇಳಿದೆ. ಸಮುದ್ರದ ದಂಡೆಯಲ್ಲಿ ಆಟೋ ನಿಲ್ಲಿಸಿದೆ. ಅವಳೇ ಇಳಿದು ನೀರಿಗೆ ಎಸೆದು ಬಂದಳು.

ಓವರ್‌ಲಾಕ್ ಮಷೀನು ಇನ್ನೂ ಬಂದಿಲ್ಲ. ಈ ಲೇಖನದ ಸಂಭಾವನೆ ಬಂದರೆ ಹೊಸ ಚೀಟಿಗೆ ಮೊದಲ ಕಂತು ಕಟ್ಟೋದು ಅಂತ ತೀರ್ಮಾನವಾಗಿದೆ. ಲೊಕೇಶನ್‌ಗಳ ಬಗ್ಗೆ ಬರೆಯಬೇಕಿದ್ದ ಭರ್ಜರಿ ಲೇಖನ? ಅದು ಹೀಗಾಯಿತು ನೋಡಿ.

ಮೊನ್ನೆ ರಾತ್ರಿ ಪುಟ್ಟಿ ಮತ್ತೆ ಮೊಬೈಲ್ ಕೇಳಿದಳು. ರಾಜನ್ ಮತ್ತೆ ಈಜಿದ. ಮುಗಿದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು:

“ಅಪ್ಪಾ, ಇನ್ಮೇಲೆ ಎಲ್ಲಿಗಾದ್ರೂ ಕರ್ಕೊಂಡು ಹೋಗೋ ಮುಂಚೆ, ಇದ್ದಾರಾ ಇಲ್ವಾ ಕೇಳ್ಕೊಂಡು ಬಾ.”

ಪತ್ರಕರ್ತನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ, ಹೇಳಿ!