ಫ್ಯೂಸು ಏಕೆ ಸುಟ್ಟಿತು? ಕಾರಿನ ಆಂಪ್ಲಿಫೈಯರಿನ ರೋಗನಿದಾನ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಬಾಡಿಗೆ ಕಾರಿನ ಆಂಪ್ಲಿಫೈಯರನ್ನು ಹೊತ್ತು ಕಾಲೇಜಿನ ಪ್ರಯೋಗಶಾಲೆಗೆ ಬಂದರು. ಕಾರಿನಲ್ಲಿ ಹಾಡು ಹಾಕಿದೊಡನೆ ಫ್ಯೂಸು ಸುಡುತ್ತಿತ್ತು. ಅಂಗಡಿಯೊಂದರಲ್ಲಿ ಎರಡು ಸಲ ರಿಪೇರಿ ಮಾಡಿಸಿದ್ದರು. ಎರಡು ಸಲವೂ ಹದಿನೈದು ದಿನ ಕಳೆಯುವುದರೊಳಗೆ ಅದೇ ಕಥೆ. “ಫ್ಯೂಸಿನ ಬದಲು ನಾಲ್ಕೆಳೆ ತಾಮ್ರದ ತಂತಿ ಸುತ್ತಿಬಿಟ್ಟರೆ ಆಗದೆ, ಸಾರ್?” ಎಂದು ಕೇಳಿದರು. ಆಗದು ಎಂದೆವು. ಏಕೆ ಆಗದು, ಹಾಗಾದರೆ ಮಾಡಬೇಕಾದುದೇನು ಎಂಬುದೇ ಈ ಲೇಖನದ ವಿಷಯ.

ತಂತಿಯಲ್ಲಿ ಹುಟ್ಟುವ ಉಷ್ಣವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬ ಜೂಲ್ ನಿಯಮವನ್ನು ಓದುಗರು ಬಲ್ಲರು. ಪ್ರವಾಹ ಇಮ್ಮಡಿಯಾದರೆ ಉಷ್ಣ ನಾಲ್ಕು ಪಟ್ಟು, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಕಾರಿನ ಬ್ಯಾಟರಿಯ ವಿಭವ ಕೇವಲ ೧೨ ವೋಲ್ಟು ಎಂದು ಅದನ್ನು ಅಲಕ್ಷ್ಯ ಮಾಡಲಾಗದು. ಅದರ ಆಂತರಿಕ ರೋಧ ಅತ್ಯಲ್ಪವಾದುದರಿಂದ ಷಾರ್ಟ್ ಆದಾಗ ನೂರಾರು ಆಂಪಿಯರುಗಳನ್ನು ಹರಿಸಬಲ್ಲದು. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯಾದರೋ ಸಾಮಾನ್ಯವಾಗಿ ಆಸನಗಳ ಕೆಳಗೆ, ನೆಲಹಾಸಿನ ಅಡಿಯಲ್ಲಿ ಸಾಗುತ್ತದೆ. ಫ್ಯೂಸು ಇರುವುದು ಮುಖ್ಯವಾಗಿ ಆ ತಂತಿಯ ರಕ್ಷಣೆಗೆ, ಅದರ ಮೂಲಕ ಕಾರಿನಲ್ಲಿ ಕುಳಿತವರ ರಕ್ಷಣೆಗೆ. ತಾಮ್ರದ ಎಳೆ ಸುತ್ತಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ಕಾರು.

ಇನ್ನು ಆಂಪ್ಲಿಫೈಯರಿನ ಒಳರಚನೆಯನ್ನು ನೋಡೋಣ. ಎಂಜಿನು ನಡೆಯುತ್ತಿರುವಾಗ ದೊರೆಯುವ ವಿಭವ ಸುಮಾರು ೧೪ ವೋಲ್ಟು. ಸಾಮಾನ್ಯ ಜೋಡಣೆಯಲ್ಲಿ ಸ್ಪೀಕರಿನ ಮೇಲೆ ಈ ವಿಭವ ಹೆಚ್ಚೆಂದರೆ ಅತ್ತ ೭, ಇತ್ತ ೭ ವೋಲ್ಟು ತೂಗಾಡಬಲ್ಲದು. ಸ್ಪೀಕರಿನ ರೋಧ ೪ ಓಮ್ ಎಂದಿಟ್ಟುಕೊಂಡರೆ ಆಗ ಸಿಕ್ಕುವ ಸಾಮರ್ಥ್ಯ ಸುಮಾರು ೬ ವ್ಯಾಟ್ ಮಾತ್ರ. ನೂರು ವ್ಯಾಟ್ ಬೇಕಾದರೆ ವಿಭವವು ಇತ್ತಂಡಕ್ಕೂ ೩೦ ವೋಲ್ಟಿನಷ್ಟು ತೂಗಬೇಕು. ಏಕಮುಖ ಪ್ರವಾಹವನ್ನು ಟ್ರಾನ್ಸ್‌ಫಾರ್ಮರು ನೇರವಾಗಿ ಏರಿಸಲಾರದು. ಮೊದಲು ಅದನ್ನು ಕತ್ತರಿಸಿ ಕತ್ತರಿಸಿ ಕಳುಹಿಸಬೇಕು. ೧೯೩೦ರ ದಶಕದ ಕಾರು ರೇಡಿಯೋಗಳಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುವ ಲೋಹದ ನಾಲಗೆಯೊಂದು ಈ ಕೆಲಸ ಮಾಡುತ್ತಿತ್ತು. ಇಂದು ಅದೇ ಕೆಲಸವನ್ನು, ೧೯೫೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಅಟಲ್ಲಾ ಮತ್ತು ಕಾಂಗ್ ಎಂಬುವರು ರೂಪಿಸಿದ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ಸಂತತಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ, ಸದ್ದಿಲ್ಲದೆ ಮಾಡುತ್ತದೆ. ಆದುದರಿಂದ ಆಂಪ್ಲಿಫೈಯರಿನಲ್ಲಿ ಎರಡು ಭಾಗಗಳುಂಟು: ವಿಭವವನ್ನು ಏರಿಸುವ ಪೂರೈಕೆಯ ಭಾಗ, ಧ್ವನಿಸಂಕೇತವನ್ನು ವರ್ಧಿಸಿ ಸ್ಪೀಕರಿಗೆ ಕೊಡುವ ನಿರ್ಗಮ ಭಾಗ. ರೋಗ ಯಾವ ಭಾಗದಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

ಇದಕ್ಕೆ ಉತ್ತರ ಪೆಟ್ಟಿಗೆಯನ್ನು ತೆರೆಯುವ ಮೊದಲೇ ಬಹುಮಟ್ಟಿಗೆ ದೊರೆಯುತ್ತದೆ. ಫ್ಯೂಸು ಸುಡುವುದು ಯಾವಾಗ ಎಂದು ವಿಚಾರಿಸಬೇಕು. ಬ್ಯಾಟರಿಯ ತಂತಿ ಆಂಪ್ಲಿಫೈಯರಿಗೆ ಸದಾ ಜೋಡಿಸಿಯೇ ಇರುತ್ತದೆ. ಅದನ್ನು ಎಚ್ಚರಿಸುವುದು ಮುಂಭಾಗದ ರೇಡಿಯೋದಿಂದ ಬರುವ ಸಣ್ಣದೊಂದು ಆಜ್ಞಾತಂತಿ. ಹೊಸ ಫ್ಯೂಸು ಹಾಕಿದ ಕ್ಷಣವೇ, ರೇಡಿಯೋ ಹಚ್ಚುವ ಮೊದಲೇ, ಅದು ಸುಟ್ಟರೆ ಪೂರೈಕೆಯ ಮಾಸ್‌ಫೆಟ್ಟುಗಳನ್ನೋ, ಬ್ಯಾಟರಿಯನ್ನು ತಲೆಕೆಳಗಾಗಿ ಜೋಡಿಸಿದಾಗ ರಕ್ಷಿಸಲು ಇಟ್ಟ ಡಯೋಡನ್ನೋ ಸಂಶಯಿಸಬೇಕು. ರೇಡಿಯೋ ಹಚ್ಚಿದ ಮೇಲೆ ಸುಟ್ಟರೆ ನಿರ್ಗಮ ಭಾಗದ ಟ್ರಾನ್ಸಿಸ್ಟರುಗಳನ್ನು ಮೊದಲು ಪರೀಕ್ಷಿಸಬೇಕು. ಧ್ವನಿ ಏರಿಸಿದಾಗ ಮಾತ್ರ ಸುಟ್ಟರೆ, ವಿಧಿಸಿದ್ದಕ್ಕಿಂತ ಕಡಮೆ ರೋಧದ ಸ್ಪೀಕರುಗಳನ್ನು ಜೋಡಿಸಿರುವ ಸಂಭವವೇ ಹೆಚ್ಚು. ನಮ್ಮ ವಿದ್ಯಾರ್ಥಿಯ ಆಂಪ್ಲಿಫೈಯರು ಎರಡನೆಯ ಗುಂಪಿಗೆ ಸೇರಿತ್ತು. ಸ್ಪೀಕರಿನ ತಂತಿಗಳನ್ನೆಲ್ಲ ಕಳಚಿದರೂ ಫ್ಯೂಸು ಸುಟ್ಟಿತಾಗಿ, ದೋಷವು ಪೆಟ್ಟಿಗೆಯ ಒಳಗೇ ಇದೆಯೆಂಬುದು ಸ್ಪಷ್ಟವಾಯಿತು.

ಒಳಗಿನ ದೊಡ್ಡ ಕೆಪ್ಯಾಸಿಟರುಗಳನ್ನು ರೋಧಕವೊಂದರ ಮೂಲಕ ಬರಿದುಮಾಡಿ, ಮಲ್ಟಿಮೀಟರಿನಿಂದ ನಿರ್ಗಮ ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಅಳೆದೆವು. ಒಳ್ಳೆಯ ಟ್ರಾನ್ಸಿಸ್ಟರಿನ ಸಂಗ್ರಾಹಕ ಮತ್ತು ಉತ್ಸರ್ಜಕಗಳ ನಡುವೆ ಮೀಟರು ಷಾರ್ಟನ್ನು ತೋರಿಸಬಾರದು. ಎಡಬದಿಯ ನಾಲ್ಕೂ ಷಾರ್ಟ್ ಎಂದವು! ಹಾಗೆಂದು ನಾಲ್ಕೂ ಕೆಟ್ಟಿವೆಯೆಂದು ತೀರ್ಮಾನಿಸುವುದು ತಪ್ಪು. ಅವು ಎರಡೆರಡಾಗಿ ಸಮಾಂತರದಲ್ಲಿವೆ. ಸಮಾಂತರದಲ್ಲಿ ಒಂದರ ರೋಧ ಸೊನ್ನೆಯ ಸಮೀಪಕ್ಕೆ ಇಳಿದರೆ ಅದರ ನೆರೆಯದೂ ಹಾಗೆಯೇ ಕಾಣುತ್ತದೆ. ಬೆಸುಗೆ ಬಿಡಿಸಿ ಹೊರತೆಗೆದು ಅಳೆದಾಗ ಕೆಟ್ಟವು ಎರಡೇ: ಧನ ಬದಿಯದೊಂದು, ಋಣ ಬದಿಯದೊಂದು. ಇವೆರಡೂ ಸೇರಿ ೬೦ ವೋಲ್ಟಿನ ಪೂರೈಕೆಗೆ ಅಡ್ಡಲಾಗಿ ಸೇತುವೆ ಕಟ್ಟಿದ್ದವು.

ಟ್ರಾನ್ಸಿಸ್ಟರುಗಳನ್ನು ಬದಲಾಯಿಸಿ ಹಣ ಪಡೆದು ಕಳುಹಿಸಿಬಿಡುವುದು ಇಲ್ಲಿಯೇ. ಹಿಂದಿನ ಎರಡು ಸಲವೂ ನಡೆದುದು ಅದೇ. ಆದರೆ ಟ್ರಾನ್ಸಿಸ್ಟರು ತಾನಾಗಿ ಸಾಯುವುದು ಅಪರೂಪ. ಅದನ್ನು ಕೊಂದುದು ಯಾವುದು? ಅದರ ಬೆನ್ನಿನ ಲೋಹಕ್ಕೂ ಅಲ್ಯುಮಿನಿಯಂ ಕವಚಕ್ಕೂ ನಡುವಣ ಅಭ್ರಕದ ಹಾಳೆ ಹರಿದಿದೆಯೆ? ತಿರುಪು ಸಡಿಲವಾಗಿ ಉಷ್ಣ ಹೊರಹೋಗದೆ ಉಳಿದಿದೆಯೆ? ನೋಡಿದೆವು, ಎರಡೂ ಸರಿಯಾಗಿದ್ದವು. ಕೊನೆಗೆ ಕಾರಿನ ಬಳಿಗೇ ಹೋಗಿ, ಆಂಪ್ಲಿಫೈಯರಿನಿಂದ ಬಿಡಿಸಿದ್ದ ಸ್ಪೀಕರು ತಂತಿಗಳಿಗೂ ಕಾರಿನ ಮೈಗೂ ನಡುವೆ ಮೀಟರನ್ನು ಹಿಡಿದೆವು. ಎಡಬದಿಯ ತಂತಿ ಒಮ್ಮೆ ಅನಂತ ರೋಧವನ್ನೂ, ಬಾಗಿಲನ್ನು ಮುಚ್ಚಿದೊಡನೆ ಸೊನ್ನೆಯನ್ನೂ ತೋರಿಸಿತು. ಬಾಗಿಲಿನ ಕೀಲಿನ ಬಳಿ ತಂತಿಯ ಹೊದಿಕೆ ಸವೆದು ತಾಮ್ರ ಹೊರಗೆ ಇಣುಕುತ್ತಿತ್ತು. ಹಾಡುತ್ತಿರುವಾಗ ಅದು ಮೈಗೆ ತಗಲಿದ ಗಳಿಗೆಯಲ್ಲಿ ೪ ಓಮಿನ ಸ್ಥಾನದಲ್ಲಿ ಸೊನ್ನೆ ಓಮು ನಿಲ್ಲುತ್ತಿತ್ತು. ತಂತಿಯನ್ನು ಬದಲಿಸಿ, ಬಾಗಿಲಿನ ಬಳಿ ರಬ್ಬರು ಕೊಳವೆಯೊಳಗೆ ತೂರಿಸಿದೆವು.

ಹೊಸ ಟ್ರಾನ್ಸಿಸ್ಟರುಗಳನ್ನು ಹಾಕಿದ ಮೇಲೂ ನೇರವಾಗಿ ಬ್ಯಾಟರಿಗೆ ಜೋಡಿಸಲಿಲ್ಲ. ೧೨ ವೋಲ್ಟು, ೫೫ ವ್ಯಾಟಿನ ಹೆಡ್‌ಲೈಟು ಬಲ್ಬೊಂದನ್ನು ಧನ ತಂತಿಯಲ್ಲಿ ಸರಣಿಯಾಗಿ ಸೇರಿಸಿದೆವು. ಒಳಗೆ ಷಾರ್ಟ್ ಉಳಿದಿದ್ದರೂ ೪½ ಆಂಪಿಯರಿಗಿಂತ ಹೆಚ್ಚು ಪ್ರವಾಹ ಹರಿಯದಂತೆ ಬಲ್ಬು ತಡೆಯುತ್ತದೆ. ಅದು ಪೂರ್ಣವಾಗಿ ಉರಿದರೆ ರೋಗ ಉಳಿದಿದೆಯೆಂದು ಅರ್ಥ. ಕ್ಷಣಕಾಲ ಮಿಂಚಿ ಮಂಕಾದರೆ ಶುಭಸೂಚನೆ. ನಮ್ಮ ಬಲ್ಬು ಮಂಕಾಯಿತು. ಅನಂತರ ಸ್ಪೀಕರು ಜೋಡಿಸುವ ಮೊದಲು ನಿರ್ಗಮದಲ್ಲಿ ಏಕಮುಖ ವಿಭವವಿದೆಯೆ ಎಂದು ಅಳೆದೆವು. ಕೆಲವು ಮಿಲಿವೋಲ್ಟುಗಳಷ್ಟೇ ಇತ್ತು. ಈ ಅಳತೆಯನ್ನು ಮರೆಯಲಾಗದು. ೩೦ ವೋಲ್ಟು ಅಲ್ಲಿ ನಿಂತಿದ್ದರೆ ೪ ಓಮಿನ ಸುರುಳಿಯಲ್ಲಿ ೭½ ಆಂಪಿಯರು ಹರಿದು, ೨೨೫ ವ್ಯಾಟಿನ ಉಷ್ಣದಲ್ಲಿ ಸ್ಪೀಕರು ನೋಡನೋಡುತ್ತಿದ್ದಂತೆ ಸುಟ್ಟುಹೋಗುತ್ತಿತ್ತು.

ಕೊನೆಯದಾಗಿ, ಮೊದಲಿದ್ದ ಅಳತೆಯ ಫ್ಯೂಸನ್ನೇ ಹಾಕಿ ಕಾರನ್ನು ಕಳುಹಿಸಿದೆವು. ಮಳೆಗಾಲ ಕಳೆದರೂ ಆ ಫ್ಯೂಸು ಹಾಗೆಯೇ ಉಳಿದಿದೆ. ಹೊಸ ಟ್ರಾನ್ಸಿಸ್ಟರುಗಳಿಗೆ ತಗಲಿದ ಹಣ ಸ್ವಲ್ಪವೇ. ಕಾರಣವನ್ನು ಹುಡುಕದೆ ಎರಡು ಸಲ ತೆತ್ತ ಹಣ ಅದಕ್ಕಿಂತ ಎಷ್ಟೋ ಹೆಚ್ಚು. ಫ್ಯೂಸು ಸುಟ್ಟಾಗ ಅದು ಕೆಟ್ಟಿತೆಂದು ನಾವು ಹೇಳುತ್ತೇವೆ. ನಿಜವಾಗಿ ಅದು ತನ್ನ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ನಮ್ಮ ಕೆಲಸ ಆಗಷ್ಟೇ ಮೊದಲಾಗುತ್ತದೆ.