ಹಕ್ಕಿಯ ಹೆಜ್ಜೆ ಹಿಡಿದು ಹೊರಟ ಪ್ರೊಫೆಸರ್

1802ರ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೌತ್ ಹ್ಯಾಡ್ಲಿ ಎಂಬ ಊರಿನಲ್ಲಿ ಪ್ಲಿನಿ ಮೂಡಿ ಎಂಬ ಹುಡುಗ ಅಪ್ಪನ ಹೊಲ ಉಳುತ್ತಿದ್ದಾಗ ನೇಗಿಲಿಗೆ ಮರಳುಗಲ್ಲಿನ ಚಪ್ಪಡಿಯೊಂದು ಸಿಕ್ಕಿತು. ಅದರ ಮೇಲೆ ಮೂರು ಬೆರಳಿನ ಸಣ್ಣ ಸಣ್ಣ ಹೆಜ್ಜೆಗಳು, ಹಸಿ ಗಾರೆಯ ಮೇಲೆ ಕೋಳಿ ನಡೆದು ಹೋದ ಹಾಗೆ. ಮನೆಯವರು ಅದನ್ನು ಬಾಗಿಲ ಮುಂದೆ ಮೆಟ್ಟಿಲುಗಲ್ಲಾಗಿ ಹಾಕಿಕೊಂಡರು. ಮುಂದೆ ಅದನ್ನು ಕೊಂಡ ವೈದ್ಯರೊಬ್ಬರು ‘ಇವು ನೋಹನ ಕಾಗೆಯ ಹೆಜ್ಜೆ’ ಎನ್ನುತ್ತಿದ್ದರಂತೆ. ಬೈಬಲಿನ ಜಲಪ್ರಳಯದ ಕಥೆಯಲ್ಲಿ ನೋಹ ತನ್ನ ನಾವೆಯಿಂದ ಹೊರಗೆ ಬಿಟ್ಟ ಕಾಗೆ ಅದು.

ಆ ಚಪ್ಪಡಿ ಕೊನೆಗೆ ಸೇರಿದ್ದು ಆಮ್ಹರ್ಸ್ಟ್ ಕಾಲೇಜಿನ ಪ್ರೊಫೆಸರ್ ಎಡ್ವರ್ಡ್ ಹಿಚ್‌ಕಾಕ್ ಅವರ ಸಂಗ್ರಹಕ್ಕೆ. ಕಲ್ಲಿನ ಮೇಲಿನ ಹೆಜ್ಜೆ ಓದುವುದನ್ನೇ ಒಂದು ವಿಜ್ಞಾನವಾಗಿ ಬೆಳೆಸಿದವರಲ್ಲಿ ಇವರು ಮೊದಲ ಸಾಲಿನವರು. ಡೈನೊಸಾರ್‌ಗಳ ಹೆಜ್ಜೆಗಳನ್ನು ಜೀವಮಾನವಿಡೀ ಅಳೆದು, ಬರೆದು, ಹೆಸರಿಟ್ಟ ಇವರು ಅವನ್ನು ಹಕ್ಕಿಗಳದೆಂದೇ ನಂಬಿ ಕಣ್ಣು ಮುಚ್ಚಿದರು. ಆ ತಪ್ಪು ಎಂಥದು ಎಂಬುದೇ ಇಲ್ಲಿಯ ಸ್ವಾರಸ್ಯ.

ಹಿಚ್‌ಕಾಕ್ ಹುಟ್ಟಿದ್ದು 1793ರಲ್ಲಿ, ಅದೇ ಸೀಮೆಯ ಡೀರ್‌ಫೀಲ್ಡ್‌ನಲ್ಲಿ. ತಂದೆ ಟೋಪಿ ತಯಾರಿಸುತ್ತಿದ್ದ ಬಡವ. ಹುಡುಗನಿಗೆ ಖಗೋಳಶಾಸ್ತ್ರದ ಹುಚ್ಚು. 1811ರ ದೊಡ್ಡ ಧೂಮಕೇತುವನ್ನು ರಾತ್ರಿಗಟ್ಟಲೆ ಕುಳಿತು ವೀಕ್ಷಿಸಿದ್ದ. ಆದರೆ ಕಾಯಿಲೆಯಿಂದ ಕಣ್ಣು ಕೆಟ್ಟಿತು; ಆಕಾಶ ಕೈತಪ್ಪಿತು, ಕಾಲೇಜೂ ತಪ್ಪಿತು. ಊರ ಶಾಲೆಯಲ್ಲಿ ಪಾಠ ಹೇಳಿ, ಧರ್ಮಶಾಸ್ತ್ರ ಓದಿ, 1821ರಲ್ಲಿ ಕಾನ್‌ವೇ ಎಂಬ ಹಳ್ಳಿಯ ಚರ್ಚಿನ ಪಾದ್ರಿಯಾದರು. 1825ರಲ್ಲಿ ಆಗಷ್ಟೇ ತಲೆ ಎತ್ತಿದ್ದ ಆಮ್ಹರ್ಸ್ಟ್ ಕಾಲೇಜು ರಸಾಯನಶಾಸ್ತ್ರ ಮತ್ತು ಪ್ರಕೃತಿ ವಿಜ್ಞಾನದ ಪ್ರೊಫೆಸರ್ ಹುದ್ದೆ ಕೊಟ್ಟಿತು. ಅಲ್ಲಿಂದ ಸಾಯುವವರೆಗೆ ಅವರು ಆ ಕಾಲೇಜು ಬಿಡಲಿಲ್ಲ. ನಡುವೆ, 1845ರಿಂದ 1854ರವರೆಗೆ, ಸಾಲದಲ್ಲಿ ಮುಳುಗಿದ್ದ ಸಂಸ್ಥೆಯ ಅಧ್ಯಕ್ಷರಾಗಿ ಅದನ್ನು ದಡ ಸೇರಿಸಿದರು.

ಹೊಟ್ಟೆಯ ಉಪದ್ರವ ಅವರನ್ನು ಬಿಟ್ಟಿದ್ದೇ ಇಲ್ಲ. ಇನ್ನೇನು ತನ್ನ ಕಾಲ ಮುಗಿಯಿತು ಎಂದುಕೊಳ್ಳುತ್ತಲೇ, ಅಜೀರ್ಣದ ಮೇಲೂ ಒಂದು ಪುಸ್ತಕ ಬರೆದು, ಎಪ್ಪತ್ತು ವರ್ಷ ಬದುಕಿದರು!

1830ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ರಾಜ್ಯದ ಭೂವೈಜ್ಞಾನಿಕ ಸಮೀಕ್ಷೆಯನ್ನು ಅವರಿಗೆ ವಹಿಸಿತು. ಗಾಡಿ ಕಟ್ಟಿಕೊಂಡು ಊರೂರು ಸುತ್ತಿ 1833ರಲ್ಲಿ ವರದಿ ಒಪ್ಪಿಸಿದರು. ಅದರ ಚಿತ್ರಗಳ ಹಿಂದೆ ಇದ್ದ ಕೈ ಪತ್ನಿ ಓರಾ ವೈಟ್ ಅವರದು. ಗಂಡನ ಪುಸ್ತಕಗಳಿಗೆ ಮಾತ್ರವಲ್ಲ, ತರಗತಿಯಲ್ಲಿ ತೂಗುಹಾಕಲು ದೊಡ್ಡ ಬಟ್ಟೆಯ ಮೇಲೂ ಆಕೆ ಪಳೆಯುಳಿಕೆ, ಶಿಲಾಪದರಗಳ ಚಿತ್ರ ಬರೆದು ಕೊಟ್ಟರು. ಹೆಂಡತಿಯ ನೆರವಿಲ್ಲದೆ ತನ್ನ ಕೆಲಸ ಸಾಗುತ್ತಿರಲಿಲ್ಲವೆಂಬುದು ಪ್ರೊಫೆಸರರಿಗೂ ಗೊತ್ತಿತ್ತು. 1851ರ ‘ಭೂವಿಜ್ಞಾನದ ಧರ್ಮ’ ಎಂಬ ತಮ್ಮ ಪ್ರಸಿದ್ಧ ಗ್ರಂಥವನ್ನು ಆಕೆಗೇ ಅರ್ಪಿಸಿದರು.

ಹೆಜ್ಜೆಗಳ ಕಥೆ ಶುರುವಾದದ್ದು 1835ರಲ್ಲಿ. ಕಾಲುದಾರಿಗೆ ಹಾಸಲು ಗ್ರೀನ್‌ಫೀಲ್ಡ್ ಊರಿಗೆ ತಂದಿದ್ದ ಕಲ್ಲುಗಳಲ್ಲಿ ಹಕ್ಕಿಯಂಥ ಹೆಜ್ಜೆಗಳಿವೆ ಎಂದು ಅಲ್ಲಿನ ವೈದ್ಯ ಜೇಮ್ಸ್ ಡೀನ್ ಪತ್ರ ಬರೆದರು. ಹಿಚ್‌ಕಾಕ್ ಮೊದಲು ನಂಬಲಿಲ್ಲ. ಆಮೇಲೆ ಕಣ್ಣಾರೆ ನೋಡಿ, ಕನೆಕ್ಟಿಕಟ್ ನದಿ ಕಣಿವೆಯ ಕಲ್ಲುಗಣಿಗಳನ್ನು ಒಂದೊಂದಾಗಿ ಜಾಲಾಡಿದರು. 1836ರಲ್ಲಿ ಏಳು ಬಗೆಯ ಹೆಜ್ಜೆಗಳನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಗುಪ್ತನಾಮದಲ್ಲಿ ಒಂದು ಪದ್ಯವನ್ನೂ ಬರೆದರು. ಅದರಲ್ಲಿ ಮಾಟಗಾತಿಯೊಬ್ಬಳು ಆ ಮರಳುಗಲ್ಲಿನ ಹಕ್ಕಿಗೆ ಮತ್ತೆ ಜೀವ ಬರಿಸುತ್ತಾಳೆ.

ಹಕ್ಕಿ ಎಂದು ಹೇಳಲು ಕಾರಣ ಸಾಕಷ್ಟಿತ್ತು. ಮೂರು ಬೆರಳು. ಎರಡೇ ಕಾಲಿನ ನಡಿಗೆ. ಎಡಬಲದ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ. ಪ್ರತಿ ಬೆರಳಿನ ಗೆಣ್ಣುಗಳ ಗುರುತುಗಳನ್ನು ಎಣಿಸಿದರೆ ಆ ಲೆಕ್ಕವೂ ಹಕ್ಕಿಯದೇ. ಆದರೆ ಕೆಲವು ಹೆಜ್ಜೆಗಳು ಒಂದು ಅಡಿಗೂ ಉದ್ದ! ಇಷ್ಟು ದೊಡ್ಡ ಹಕ್ಕಿ ಉಂಟೇ ಎಂದು ಅನುಮಾನಿಸಿದವರಿಗೆ ಉತ್ತರ ನ್ಯೂಜಿಲೆಂಡಿನಿಂದ ಬಂತು. 1839ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್, ಅಲ್ಲಿಂದ ಬಂದ ಒಂದು ಮೂಳೆತುಂಡು ನೋಡಿ, ಅಳಿದುಹೋದ ದೈತ್ಯ ಹಕ್ಕಿಯೊಂದಿತ್ತು ಎಂದು ಹೇಳಿದರು. ಅದೇ ಮೋವಾ. ಹಿಚ್‌ಕಾಕ್‌ಗೆ ಇನ್ನೇನು ಬೇಕು?

ಅದೇ ಓವೆನ್ 1842ರಲ್ಲಿ ‘ಡೈನೊಸಾರ್’ ಎಂಬ ಹೆಸರನ್ನೂ ಟಂಕಿಸಿದರು. ಆದರೆ ಆಗಿನ ಕಲ್ಪನೆಯ ಡೈನೊಸಾರ್ ನಾಲ್ಕು ಕಾಲೂರಿ ನಡೆಯುವ, ಘೇಂಡಾಮೃಗದಂಥ ಭಾರಿ ಸರೀಸೃಪ. ಎರಡು ಕಾಲಿನಲ್ಲಿ ದಾಪುಗಾಲಿಡುವ ಡೈನೊಸಾರ್ ಯಾರ ತಲೆಯಲ್ಲೂ ಇರಲಿಲ್ಲ. ಹೆಜ್ಜೆಯ ಜೊತೆ ಮೂಳೆಯೂ ಸಿಕ್ಕಿರಲಿಲ್ಲ. ಆಗ ತಿಳಿದಿದ್ದ ಪ್ರಾಣಿಗಳಲ್ಲಿ ಆ ಕಾಲಿಗೆ ಹೊಂದುವುದು ಹಕ್ಕಿಯೊಂದೇ. ಹಕ್ಕಿಗೂ ಡೈನೊಸಾರ್‌ಗೂ ನಂಟಿದೆ ಎಂದು ಹಕ್ಸ್‌ಲಿ ವಾದ ಹೂಡಿದ್ದು 1860ರ ದಶಕದ ಕೊನೆಗೆ. ಹಿಚ್‌ಕಾಕ್ 1864ರಲ್ಲೇ ತೀರಿಕೊಂಡಿದ್ದರು. ಹಕ್ಕಿಗಳು ಡೈನೊಸಾರ್‌ಗಳ ಸಂತತಿಯೇ ಎಂಬುದನ್ನು ಇಂದು ವಿಜ್ಞಾನ ಒಪ್ಪಿದೆ. ಸುಮಾರು ಇಪ್ಪತ್ತು ಕೋಟಿ ವರ್ಷಗಳ ಹಿಂದಿನ ಕೆಸರಿನಲ್ಲಿ ಪ್ರೊಫೆಸರ್ ಕಂಡದ್ದು ಹಕ್ಕಿಯ ಕಾಲನ್ನೇ. ಹಕ್ಕಿ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಅವರನ್ನು ಪೂರ್ತಿ ಸಾಧುವಾಗಿಸಬೇಕಿಲ್ಲ. ಹೆಜ್ಜೆಗಳನ್ನು ಮೊದಲು ಗುರುತಿಸಿದ ಶ್ರೇಯಸ್ಸು ಯಾರದು ಎಂದು 1840ರ ದಶಕದಲ್ಲಿ ಡೀನ್ ಜೊತೆ ಪತ್ರಿಕೆಯಲ್ಲೇ ಜಗಳವಾಯಿತು. ವೈದ್ಯರು ಕಲ್ಲು ತೋರಿಸದಿದ್ದರೆ ಪ್ರೊಫೆಸರರ ಪ್ರಬಂಧ ಎಲ್ಲಿರುತ್ತಿತ್ತು ಎಂದು ಕೇಳಬಹುದು.

ಇನ್ನು ನಂಬಿಕೆಯ ವಿಷಯ. ಭೂಮಿ ಆರು ದಿನದಲ್ಲಿ ಆದದ್ದಲ್ಲ, ಅದಕ್ಕೆ ಅಪಾರ ವಯಸ್ಸಾಗಿದೆ ಎಂದು ಈ ಪಾದ್ರಿ ಧೈರ್ಯವಾಗಿ ಹೇಳಿದರು. ಆದರೆ ಜೀವಿಗಳು ಒಂದರಿಂದೊಂದು ಬೆಳೆದು ಬಂದವು ಎಂಬುದನ್ನು ಒಪ್ಪಲಿಲ್ಲ. 1840ರ ಅವರ ಭೂವಿಜ್ಞಾನದ ಪಠ್ಯಪುಸ್ತಕದಲ್ಲಿ ಸಸ್ಯ ಮತ್ತು ಪ್ರಾಣಿಗಳ ಚರಿತ್ರೆಯನ್ನು ಕವಲೊಡೆದ ಮರದಂತೆ ತೋರಿಸುವ ಸುಂದರ ಚಿತ್ರವೊಂದಿತ್ತು. ಅವರ ದೃಷ್ಟಿಯಲ್ಲಿ ಅದು ದೇವರ ಯೋಜನೆಯ ನಕ್ಷೆ. 1859ರಲ್ಲಿ ಡಾರ್ವಿನ್ನರ ಗ್ರಂಥ ಬಂತು. ಮರುವರ್ಷದ ಆವೃತ್ತಿಯಲ್ಲಿ ಆ ಮರ ಕಾಣೆಯಾಯಿತು.

ಅವರು ಕೂಡಿಟ್ಟ ಚಪ್ಪಡಿಗಳು ಈಗ ಆಮ್ಹರ್ಸ್ಟ್ ಕಾಲೇಜಿನ ಬೆನೆಸ್ಕಿ ವಸ್ತುಸಂಗ್ರಹಾಲಯದಲ್ಲಿವೆ. ಮೂಡಿಯವರ ಮೆಟ್ಟಿಲುಗಲ್ಲೂ ಅಲ್ಲೇ ಇದೆ. ಮೂಳೆಯ ಕಥೆ ಬೇರೆ. ಸೌತ್ ಹ್ಯಾಡ್ಲಿಯ ಬಳಿ 1910ರಲ್ಲಿ ಭೂವಿಜ್ಞಾನಿ ಮಿನ್ಯಾನ್ ಟಾಲ್ಬಟ್ ಅವರಿಗೆ ಎರಡು ಕಾಲಿನ ಪುಟ್ಟ ಡೈನೊಸಾರ್ ಒಂದರ ಅಸ್ಥಿ ಸಿಕ್ಕಿತು. ಮರುವರ್ಷ ಆಕೆ ಅದಕ್ಕೆ ಪೊಡೊಕಿಸಾರಸ್ ಎಂದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅದನ್ನಿಟ್ಟಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಅಸ್ಥಿಯೆಲ್ಲ ನಾಶವಾಯಿತು. ಉಳಿದದ್ದು ಅದರ ಅಚ್ಚುಗಳು ಮಾತ್ರ.